ಟೀನ್ ಕಾದಂಬರಿಯಿಂದ ಗಟ್ಟಿ ಸಾಹಿತ್ಯಕ್ಕೆ: ನಮ್ಮ ಕಡೆಯ ಓದುಗರಿಗೊಂದು ದಾರಿ

ಪಿಯುಸಿಯಲ್ಲೋ ಡಿಗ್ರಿಯ ಮೊದಲ ವರ್ಷದಲ್ಲೋ ಇರುವ, ಓದುವ ಚಟ ಹತ್ತಿಸಿಕೊಂಡ ಹುಡುಗ ಹುಡುಗಿಯರು ರಾಯಚೂರಿನಲ್ಲಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹ್ಯಾರಿ ಪಾಟರ್ ಮುಗೀತು, ಹಂಗರ್ ಗೇಮ್ಸ್ ಮುಗೀತು, ಯಂಡಮೂರಿನೂ ಭಾಳ ಓದೀನ್ರಿ. ದೊಡ್ಡವರ ಕಾದಂಬರಿ ಹಿಡಿದ್ರ ಇಪ್ಪತ್ತು ಪುಟಕ್ಕ ನಿದ್ದಿ ಬರ್ತದ. ಏನ್ ಮಾಡ್ಬೇಕ್ರಿ?"

ಈ ಪ್ರಶ್ನೆ ಕೇಳುವವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಐನೂರು ಪುಟದ ಇಂಗ್ಲಿಷ್ ಪುಸ್ತಕವನ್ನು ಎರಡು ರಾತ್ರಿಯಲ್ಲಿ ಮುಗಿಸಿದವರು. ಕನ್ನಡದಲ್ಲಿ ಹದಿಹರೆಯದವರಿಗೆ ಅಂತಲೇ ಬರೆದ ಕಾದಂಬರಿ ತೀರಾ ಕಡಿಮೆ. ಚಿಕ್ಕವರಿದ್ದಾಗ ಬಾಲಮಂಗಳ, ತುಂತುರು. ಆಮೇಲೆ ಸೀದಾ ಕುವೆಂಪು, ಕಾರಂತ. ನಡುವಿನ ಮೆಟ್ಟಿಲುಗಳೇ ಇಲ್ಲ. ಹಾಗಾಗಿ ನಮ್ಮ ಮಕ್ಕಳು ಆ ವಯಸ್ಸಿನಲ್ಲಿ ಇಂಗ್ಲಿಷಿಗೆ ಹೋಗುತ್ತಾರೆ, ಇಲ್ಲವೇ ತೆಲುಗಿನಿಂದ ಬಂದ ಥ್ರಿಲ್ಲರ್‌ಗಳಿಗೆ. ವಾಪಸ್ ಬರುವ ಹೊತ್ತಿಗೆ ಕನ್ನಡದ ಕಾದಂಬರಿ ಪರ ಊರಿನಂತೆ ಕಾಣುತ್ತದೆ.

ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಗೆ ಒಂದು ಅನುಕೂಲ ಇದೆ. ಬೆಂಗಳೂರು, ಮೈಸೂರಿನವರು "ಭಾಷೆ ಕಷ್ಟ" ಅಂತ ಪಕ್ಕಕ್ಕಿಡುವ ಒಳ್ಳೆಯ ಪುಸ್ತಕಗಳು ನಾವು ಮನೆಯಲ್ಲಿ ಆಡುವ ಮಾತಿನಲ್ಲೇ ಇವೆ. ಅಲ್ಲಿಂದ ಶುರು ಮಾಡಿದರೆ ಅರ್ಧ ಹೆದರಿಕೆ ಹೋಗುತ್ತದೆ. ಈ ಬರಹದಲ್ಲಿ ನಾನು ಹೇಳುವ ದಾರಿ ಇಷ್ಟೇ: ನಿಮಗೆ ಇಷ್ಟವಾದ ಕಥೆಯ ಎಳೆ ಹಿಡಿದು ನಿಮ್ಮದೇ ಮಾತಿನ ಸಣ್ಣಕಥೆಗೆ ಬನ್ನಿ, ಅಲ್ಲಿಂದ ಬೇರೆಯವರ ಕನ್ನಡಕ್ಕೆ ಹೋಗಿ, ಆಮೇಲೆ ದಪ್ಪ ಪುಸ್ತಕ.

ಕಷ್ಟ ಇರುವುದು ಎಲ್ಲಿ?

ಹೆಚ್ಚಿನವರು ಪದಗಳು ಕಷ್ಟ ಅಂದುಕೊಂಡಿದ್ದಾರೆ. ನನಗೆ ಹಾಗನಿಸುವುದಿಲ್ಲ. ಟೀನ್ ಕಾದಂಬರಿ ಓದುಗರಿಗೆ ಬಹಳ ಸಹಾಯ ಮಾಡುತ್ತದೆ. ಹಂಗರ್ ಗೇಮ್ಸನ್ನೇ ತೊಗೊಳ್ಳಿ. ಕಥೆ ಹೇಳುವ ಹುಡುಗಿಗೆ 16 ವರ್ಷ. "ನಾನು" ಅಂತಲೇ ಹೇಳುತ್ತಾಳೆ, ಎಲ್ಲವೂ ಈಗಲೇ ನಡೆಯುತ್ತಿರುವಂತೆ ಹೇಳುತ್ತಾಳೆ. ಅಧ್ಯಾಯ ಮುಗಿಯುವಾಗ ಏನೋ ಒಂದು ಆಗಿಯೇ ಆಗುತ್ತದೆ. ಅವಳಿಗೆ ಸಿಟ್ಟು ಬಂದರೆ ಸಿಟ್ಟು ಬಂತು ಅಂತ ನಮಗೆ ಗೊತ್ತಾಗುತ್ತದೆ. ಗಟ್ಟಿ ಸಾಹಿತ್ಯ ಈ ಸಹಾಯವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಉಳಿದ ಕೆಲಸ ನಮ್ಮದು.

ಒಂದು ಉದಾಹರಣೆ ನಾನೇ ಬರೆದು ತೋರಿಸುತ್ತೇನೆ. ದುಡಿಯಲು ಬೆಂಗಳೂರಿಗೆ ಗುಳೆ ಹೋದ ಅಪ್ಪ. ಹಬ್ಬಕ್ಕೆ ಬರುತ್ತೇನೆ ಅಂದಿದ್ದ, ಬರಲಿಲ್ಲ. ಟೀನ್ ಕಾದಂಬರಿಯ ರೀತಿಯಲ್ಲಿ ಹೇಳಿದರೆ ಹೀಗಿರುತ್ತದೆ:

"ಆ ರಾತ್ರಿಯೂ ಅಪ್ಪ ಬರಲಿಲ್ಲ. ನನ್ನ ಎದೆ ಒಡೆದುಹೋಯಿತು. ಅವ್ವ ಏನೂ ಆಗಿಲ್ಲದವಳ ಹಾಗೆ ಇದ್ದಳು. ಆದರೆ ಒಳಗೊಳಗೇ ಅಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಅಪ್ಪ ನಮ್ಮನ್ನು ಮರೆತೇಬಿಟ್ಟನಾ?"

ಅದೇ ರಾತ್ರಿ, ಇನ್ನೊಂದು ರೀತಿಯಲ್ಲಿ:

"ಅವ್ವ ಮೂರು ತಾಟು ತೊಳೆದಿಟ್ಟಳು. ಕೊನೆಯ ಬಸ್ಸು ಅಗಸಿ ದಾಟಿ ಹೋದ ಸಪ್ಪಳ ಕೇಳಿತು. ಒಂದು ತಾಟನ್ನು ಸೆರಗಿನಿಂದ ಒರೆಸಿ ಮತ್ತೆ ಮಾಡದಲ್ಲಿಟ್ಟಳು. 'ರೊಟ್ಟಿ ಆರತಾವ, ಉಣ್ಣು' ಅಂದಳು. ಹಿಂಡಿ ಈ ಸಲ ಭಾಳ ಖಾರ ಇತ್ತು. ಅವಳ ಕಣ್ಣಾಗ ನೀರು ಬಂತು. ತಂಬಿಗೆ ಪಕ್ಕದಲ್ಲೇ ಇತ್ತು, ಕುಡಿಯಲಿಲ್ಲ."

ಎರಡನೆಯದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ಬೇಗ ಬೇಗ ಓದಿದರೆ "ಉಂಡರು, ಮುಗೀತು" ಅನ್ನಿಸುತ್ತದೆ. ಈಗ ನಿಧಾನಕ್ಕೆ ನೋಡಿ. ಮೂರನೇ ತಾಟು ಯಾರದು? ಬಸ್ಸು ನಿಲ್ಲದೆ ಹೋಯಿತು ಅಂತ ಎಲ್ಲೂ ಬರೆದಿಲ್ಲ, ಆದರೆ ತಾಟು ಮಾಡಕ್ಕೆ ಹೋಯಿತು. "ಮತ್ತೆ" ಅನ್ನುವ ಮಾತು ಗಮನಿಸಿದಿರಾ? ಇದು ಮೊದಲ ಸಲ ಅಲ್ಲ. ಕಣ್ಣೀರಿಗೆ ಹಿಂಡಿಯ ಖಾರ ಕಾರಣ ಅಂತ ಕಥೆ ಹೇಳುತ್ತದೆ. ಹಾಗಾದರೆ ನೀರು ಯಾಕೆ ಕುಡಿಯಲಿಲ್ಲ? ಖಾರ ಅನ್ನುವುದು ಅವಳ ನೆಪವೋ, ಹೇಳುತ್ತಿರುವ ಮಗುವಿನ ನಂಬಿಕೆಯೋ? ಹೀಗೆ ಕೇಳಿಕೊಳ್ಳುವುದನ್ನೇ ಅಭ್ಯಾಸ ಮಾಡಬೇಕಾದದ್ದು. ಇದು ಬಂದರೆ ಉಳಿದದ್ದೆಲ್ಲ ಬರುತ್ತದೆ.

ಹಂತ 1: ನಿಮಗೆ ಹಿಡಿಸಿದ್ದು ಯಾವುದು ಅಂತ ಬರೆದುಕೊಳ್ಳಿ

ನೋಟ್‌ಬುಕ್ಕಿನಲ್ಲಿ ನಿಮಗೆ ಬಹಳ ಇಷ್ಟವಾದ ಐದು ಪುಸ್ತಕಗಳ ಹೆಸರು ಬರೆಯಿರಿ. ಪಕ್ಕದಲ್ಲಿ ಯಾಕೆ ಇಷ್ಟವಾಯಿತು ಅಂತ ಒಂದೇ ಸಾಲು. "ಚೆನ್ನಾಗಿದೆ" ಅಂತ ಬರೆದರೆ ಸಾಲದು. ಬೆನ್ನಟ್ಟುವ ಕಥೆ ಹಿಡಿಸಿತಾ? ಗುಟ್ಟು ಬಿಚ್ಚುವುದಾ? ಪ್ರೀತಿಯಾ? ಮಾಯಾಲೋಕವಾ? ದೊಡ್ಡವರ ಅನ್ಯಾಯದ ಎದುರು ನಿಂತ ಹುಡುಗಿಯಾ? ಮುಂದಿನ ಪುಸ್ತಕ ಆರಿಸುವುದು ಈ ಸಾಲು ನೋಡಿಯೇ. ಯಾರೋ ಮಾಡಿದ "ಓದಲೇಬೇಕಾದ ನೂರು ಪುಸ್ತಕ" ಪಟ್ಟಿ ಸದ್ಯಕ್ಕೆ ಬೇಡ.

ಬೆನ್ನಟ್ಟುವ ಕಥೆ, ಕಾಡು, ಸಾಹಸ ಇಷ್ಟವಿದ್ದವರಿಗೆ ಪೂರ್ಣಚಂದ್ರ ತೇಜಸ್ವಿಯೇ ಸರಿ. 'ಕರ್ವಾಲೊ' (1980) ತೆಳ್ಳಗಿನ ಪುಸ್ತಕ. ಒಬ್ಬ ವಿಜ್ಞಾನಿ, ಹಳ್ಳಿಯ ಮಂದಣ್ಣ, ಒಂದು ನಾಯಿ, ಹಾರುವ ಓತಿಯ ಹುಡುಕಾಟ. ನಗಿಸುತ್ತಾ ನಗಿಸುತ್ತಾ ಕೊನೆಗೆ ಎಲ್ಲಿಗೋ ಕರೆದೊಯ್ದು ನಿಲ್ಲಿಸುತ್ತದೆ. ಟೀನ್ ಓದಿನಿಂದ ಹೊರಬರಲು ಇದಕ್ಕಿಂತ ಒಳ್ಳೆಯ ಸೇತುವೆ ಕನ್ನಡದಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪತ್ತೇದಾರಿ ಇಷ್ಟವಿದ್ದರೆ ಅವರದೇ 'ಚಿದಂಬರ ರಹಸ್ಯ'. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಒಂದು ಸಾವಿನ ತನಿಖೆ ಅಂತ ಓದುತ್ತಾ ಹೋಗುತ್ತೀರಿ, ಆದರೆ ಬಿಚ್ಚಿಕೊಳ್ಳುವುದು ಇಡೀ ಊರಿನ ಜಾತಿ, ದ್ವೇಷ, ಲೋಭ. ಕೊಂದವರು ಯಾರು ಅನ್ನುವುದು ನಡುವೆ ಎಲ್ಲೋ ಸಣ್ಣ ಪ್ರಶ್ನೆಯಾಗಿಬಿಡುತ್ತದೆ. ಪತ್ತೇದಾರಿ ಕಥೆಯಿಂದ ಗಟ್ಟಿ ಸಾಹಿತ್ಯ ಎಲ್ಲಿ ಬೇರೆಯಾಗುತ್ತದೆ ಅಂತ ನೋಡಬೇಕಿದ್ದರೆ ಈ ಒಂದು ಪುಸ್ತಕ ಸಾಕು.

ಪ್ರೀತಿ, ಮನಸ್ಸಿನ ತೊಳಲಾಟ ಇಷ್ಟವಿದ್ದವರು ತ್ರಿವೇಣಿಯಿಂದ ಶುರು ಮಾಡಬಹುದು. 'ಶರಪಂಜರ'ವನ್ನು ಸಿನಿಮಾದಲ್ಲಿ ನೋಡಿದ ಅಮ್ಮಂದಿರು ಮನೆಮನೆಯಲ್ಲೂ ಇದ್ದಾರೆ. ಅವರನ್ನೇ ಕೇಳಿ, ಮಾತು ಬೆಳೆಯುತ್ತದೆ. ಆಮೇಲೆ ವೈದೇಹಿಯ ಕಥೆಗಳು. ಅಲ್ಲಿ ಹೆಂಗಸರು ಹೇಳದೇ ಬಿಟ್ಟ ಮಾತೇ ಜಾಸ್ತಿ, ಹಿಂಡಿಯ ಉದಾಹರಣೆ ನೆನಪಿರಲಿ.

ಮಾಯಾಲೋಕ ಇಷ್ಟವಿದ್ದವರಿಗೆ ನಾನು ಕಾದಂಬರಿ ಹೇಳುವುದಿಲ್ಲ, ನಾಟಕ ಹೇಳುತ್ತೇನೆ. ಗಿರೀಶ ಕಾರ್ನಾಡರ 'ನಾಗಮಂಡಲ', 'ಹಯವದನ'. ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ'. ಹಾವು ಗಂಡನ ರೂಪದಲ್ಲಿ ಬರುತ್ತದೆ, ತಲೆಗಳು ಅದಲುಬದಲಾಗುತ್ತವೆ. ಮಾಯೆ ಅಷ್ಟೇ ಇದೆ, ಆದರೆ ಗೆದ್ದವರು ಯಾರು, ಸೋತವರು ಯಾರು ಅಂತ ಸುಲಭಕ್ಕೆ ಹೇಳಲು ಬರುವುದಿಲ್ಲ. ಒಂದು ಸಂಜೆಯಲ್ಲಿ ಮುಗಿಯುತ್ತವೆ ಬೇರೆ. ಕಂಬಾರರ ಮಾತು ಬೆಳಗಾವಿ ಕಡೆಯದು, ನಮಗೆ ದೂರದ್ದಲ್ಲ.

ಸರ್ಕಾರವೇ ಶತ್ರುವಾಗುವ ಕಥೆ ಇಷ್ಟವಾದವರಿಗೆ ಆರ್ವೆಲ್‌ನ 'ಅನಿಮಲ್ ಫಾರ್ಮ್' (1945), ಆಮೇಲೆ '1984' (ಬಂದದ್ದು 1949ರಲ್ಲಿ), ಆಮೇಲೆ ಕಾಫ್ಕಾ. ಇದೇ ಕ್ರಮದಲ್ಲಿ. ಕಾಫ್ಕಾನ 'ಮೆಟಮಾರ್ಫಸಿಸ್' 1915ರದ್ದು, ಸಣ್ಣದು. ಒಬ್ಬ ಬೆಳಗ್ಗೆ ಎದ್ದಾಗ ಹುಳುವಾಗಿರುತ್ತಾನೆ. ಯಾಕೆ ಅಂತ ಕೊನೆಯವರೆಗೂ ಹೇಳುವುದಿಲ್ಲ. ಮನೆಯವರು ಅವನ ಜೊತೆ ಹೇಗೆ ನಡೆದುಕೊಂಡರು ಅನ್ನುವುದಷ್ಟೇ ಕಥೆ.

ಶಾಲೆ, ಬೆಳೆಯುವ ವಯಸ್ಸು, ಅವಮಾನ ಇವೆಲ್ಲ ಇರುವ ಪುಸ್ತಕ ಬೇಕೆನ್ನುವವರು ಆತ್ಮಕಥೆಗೆ ಹೋಗಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಿಡಿ ಬಿಡಿ ಪ್ರಸಂಗಗಳಲ್ಲಿದೆ. ಕುಂ. ವೀರಭದ್ರಪ್ಪನವರ 'ಗಾಂಧಿ ಕ್ಲಾಸು' ನಮ್ಮ ಪಕ್ಕದ ಕೊಟ್ಟೂರಿನಿಂದ ಶುರುವಾಗುವ ಬದುಕು. ಇಲ್ಲಿ ಒಂದು ಮಾತು: ಆತ್ಮಕಥೆಯಲ್ಲಿ ಬರುವ ಹುಡುಗನಿಗೆ ಹದಿನೈದು ವರ್ಷ ಇರಬಹುದು, ಬರೆಯುವವರಿಗೆ ಅಲ್ಲ. ಆಗ ಏನಾಯಿತು ಅನ್ನುವುದರ ಜೊತೆಗೆ ಈಗ ಹೇಗೆ ಕಾಣುತ್ತಿದೆ ಅನ್ನುವುದೂ ಇರುತ್ತದೆ. ಟೀನ್ ಕಾದಂಬರಿಗಳಲ್ಲಿ ಈ ದೂರ ಸಾಮಾನ್ಯವಾಗಿ ಇರುವುದಿಲ್ಲ.

ಹಂತ 2: ಮನೆಯ ಮಾತಿನ ಸಣ್ಣಕಥೆ, ಗಟ್ಟಿಯಾಗಿ ಓದಿ

ಸೇತುವೆಯ ಒಂದೆರಡು ಪುಸ್ತಕ ಆದ ಮೇಲೆ ಕಾದಂಬರಿಗೆ ಹಾರಬೇಡಿ. ಸಣ್ಣಕಥೆಗೆ ಬನ್ನಿ. ಹತ್ತು ಹನ್ನೆರಡು ಪುಟ, ಒಂದೇ ಕೂತಲ್ಲಿ ಮುಗಿಯುತ್ತದೆ, ಬೇಕಿದ್ದರೆ ಅವತ್ತೇ ಎರಡನೇ ಸಲ ಓದಬಹುದು. ಎರಡನೇ ಓದು ಅನ್ನುವುದು ಟೀನ್ ಓದುಗರಿಗೆ ಹೊಸದು. ಕೊನೆ ಗೊತ್ತಾದ ಮೇಲೆ ಯಾಕೆ ಓದಬೇಕು ಅಂತ ಕೇಳುತ್ತಾರೆ. ಕೊನೆ ಗೊತ್ತಾದ ಮೇಲೆಯೇ ಮೊದಲ ಪುಟದಲ್ಲಿ ಏನು ಬಚ್ಚಿಟ್ಟಿದ್ದರು ಅಂತ ಕಾಣುವುದು.

ನಮ್ಮ ಭಾಗದಲ್ಲಿ ಇಬ್ಬರು ಕಥೆಗಾರರನ್ನು ಮೊದಲು ಓದಿ. ಅಮರೇಶ ನುಗಡೋಣಿ ರಾಯಚೂರು ಜಿಲ್ಲೆಯವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಅವರ ಕಥೆಗಳ ಹೊಲ, ಮಠ, ಸಾಲ, ಸಾವು ಎಲ್ಲ ನಾವು ಬಸ್ಸಿನ ಕಿಟಕಿಯಿಂದ ನೋಡಿದವೇ. ಇನ್ನೊಬ್ಬರು ಕುಂವೀ, ಅಂದರೆ ಕುಂ. ವೀರಭದ್ರಪ್ಪ. ಅವರ ಕೊಟ್ಟೂರು ಆಗ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಆಂಧ್ರದ ಗಡಿ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು. ತೆಲುಗು ಬೆರೆತ ಕನ್ನಡ, ಬೈಗುಳ, ನಗೆ, ಕ್ರೌರ್ಯ ಎಲ್ಲ ಒಂದೇ ವಾಕ್ಯದಲ್ಲಿ ಬರುತ್ತವೆ. ಬಳ್ಳಾರಿಯಲ್ಲಿ ತೆಲುಗು ಕೇಳುತ್ತಾ ಬೆಳೆದವರಿಗೆ ಅದು ಒಗಟಲ್ಲ.

ಇವರಿಬ್ಬರ ವಿಷಯದಲ್ಲಿ ಇನ್ನೊಂದು ಅನುಕೂಲ. ನುಗಡೋಣಿಯವರ 'ಸವಾರಿ' ಕಥೆಯನ್ನು ಗಿರೀಶ ಕಾಸರವಳ್ಳಿ 'ಕನಸೆಂಬೊ ಕುದುರೆಯನೇರಿ' ಅಂತ ಸಿನಿಮಾ ಮಾಡಿದ್ದಾರೆ. ಕುಂವೀಯವರ ಕಥೆಯಿಂದ 'ಕೂರ್ಮಾವತಾರ' ಮಾಡಿದ್ದಾರೆ. ಮೊದಲು ಕಥೆ ಓದಿ, ಒಂದು ವಾರ ಬಿಟ್ಟು ಸಿನಿಮಾ ನೋಡಿ. ನಿರ್ದೇಶಕ ಏನು ಸೇರಿಸಿದ, ಏನು ಬಿಟ್ಟ ಅಂತ ಪಟ್ಟಿ ಮಾಡಿ. ಬಿಟ್ಟದ್ದು ನಿಮಗೆ ಮುಖ್ಯ ಅನ್ನಿಸಿದ್ದರೆ ನೀವು ಕಥೆಯನ್ನು ಚೆನ್ನಾಗಿ ಓದಿದ್ದೀರಿ.

ಗಟ್ಟಿಯಾಗಿ ಓದಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಸಿಂಧನೂರಿನಲ್ಲಿರುವ ನನ್ನ ಅಕ್ಕನ ಮಗಳು ಒಂದು ಕಥೆಯನ್ನು ಮನಸ್ಸಿನಲ್ಲೇ ಓದಿ ಮುಗಿಸಿ, "ಇದ್ರಾಗ ಏನೂ ಆಗವಲ್ದು ಮಾಮಾ. ಬರೇ ಮಾತಾಡ್ತಾರ" ಅಂದಳು. ಸರಿ, ನಮ್ಮವ್ವಗ ಓದಿ ಹೇಳು ಅಂದೆ. ನಮ್ಮವ್ವ ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೇಳುತ್ತಿದ್ದಳು. ಕಥೆಯಲ್ಲಿ ಸೊಸೆಯೊಬ್ಬಳು ತವರಿಗೆ ಯಾಕೆ ಹೊರಟೆ ಅಂತ ಹೇಳುವ ಕಡೆ ಅವ್ವನ ಕೈ ನಿಂತಿತು. "ಅಕಿ ಸುಳ್ಳ ಹೇಳಾಕತ್ಯಾಳ ನೋಡು" ಅಂದಳು. ಹುಡುಗಿ ಎರಡು ಪುಟ ಹಿಂದಕ್ಕೆ ತಿರುವಿದಳು. ಹೌದು, ಅಲ್ಲಿ ಬೇರೆ ಕಾರಣ ಹೇಳಿದ್ದಳು ಆ ಸೊಸೆ. ಆಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ಅವಳ ಸುಳ್ಳಿನ ಬೆನ್ನು ಹತ್ತಿದರು. ನಾನು ಚಹಾ ಮಾಡಲು ಒಳಗೆ ಹೋದೆ.

ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಈ ನಾಡಿನ ಜನ ಓದದಿದ್ದರೂ ಕಾವ್ಯ ಬಲ್ಲವರು ಅಂತಲೂ ಅದೇ ಗ್ರಂಥ ಹೇಳುತ್ತದೆ. ಶಾಲೆಯಲ್ಲಿ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಮನೆಯಲ್ಲಿ ಅಜ್ಜಿ ಇದ್ದರೆ ಬಳಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಮಾತಿನ ಹಿಂದಿನ ಮಾತು ಹಿಡಿಯುವುದರಲ್ಲಿ ಅವರು ನಮಗಿಂತ ಮುಂದೆ.

ಈ ಹಂತದ ಕೊನೆಯಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನೂ ಓದಿ. ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು, ಅನುವಾದ ಮಾಡಿದವರು ದೀಪಾ ಭಾಸ್ತಿ. ಪ್ರಶಸ್ತಿ ಬಂದಿದೆ ಅಂತ ಓದಬೇಡಿ. ರಾಯಚೂರಿನಂಥ ಊರಿನಲ್ಲಿ ಉರ್ದು ಮಾತಾಡುವ ಗೆಳತಿಯರ ನಡುವೆ ಬೆಳೆದವರಿಗೆ ಆ ಮನೆಗಳ ಒಳಗಿನ ಮಾತು ಬೇಗ ಕಿವಿಗೆ ಬೀಳುತ್ತದೆ, ಅದಕ್ಕೆ ಓದಿ.

ಹಂತ 3: ಪೆನ್ಸಿಲ್ ಹಿಡಿದು ಓದುವುದು

ಇದು ಬೇಜಾರಿನ ಭಾಗ, ಬೇಗ ಮುಗಿಸುತ್ತೇನೆ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಅಡಿಗೆರೆ ಎಳೆದು ಮುಂದೆ ಹೋಗಿ. ಅಧ್ಯಾಯ ಮುಗಿದ ಮೇಲೆ ನೋಡಿದರೆ ಅರ್ಧ ಪದಗಳ ಅರ್ಥ ತಾನಾಗಿ ಹೊಳೆದಿರುತ್ತದೆ. ಉಳಿದವಕ್ಕೆ ನಿಘಂಟು, ಇಲ್ಲವೇ ಮೊಬೈಲಿನಲ್ಲಿ ಪದಕಣಜ ಅನ್ನುವ ಆನ್‌ಲೈನ್ ನಿಘಂಟು. ಪುಸ್ತಕ ಗ್ರಂಥಾಲಯದ್ದಾದರೆ ಗೆರೆ ಎಳೆಯಬೇಡಿ, ಚೀಟಿ ಇಡಿ.

ಹೆಸರುಗಳನ್ನು ಪುಸ್ತಕದ ಹಿಂದೆ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಯಾರ ಮಗ, ಯಾರ ಹೆಂಡತಿ, ಯಾರ ಮನೆಯ ಆಳು.

ದಿನಕ್ಕೆ ಇಷ್ಟು ಪುಟ ಅಂತ ಗುರಿ ಇಟ್ಟುಕೊಳ್ಳಬೇಡಿ. ಇಷ್ಟು ಹೊತ್ತು ಅಂತ ಇಟ್ಟುಕೊಳ್ಳಿ. ಟೀನ್ ಕಾದಂಬರಿಯ ವೇಗಕ್ಕೆ ಒಗ್ಗಿದ ಕಣ್ಣು ಪುಟ ಎಣಿಸಿದರೆ ಓಡುತ್ತದೆ, ಓಡಿದರೆ ಮೂರನೇ ತಾಟು ಕಾಣುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಮಧ್ಯಾಹ್ನ ಓದುವುದು ಆಗದ ಮಾತು, ಬೆಳಗ್ಗೆ ವಗ್ಗರಣಿ ಮಿರ್ಚಿಗೆ ಮುಂಚೆಯೇ ಅರ್ಧ ಗಂಟೆ ಸಿಕ್ಕರೆ ಚಿನ್ನ. ಫೋನು ಬೇರೆ ಕೋಣೆಯಲ್ಲಿರಲಿ. ಪದಕಣಜ ಆಮೇಲೆ ನೋಡಿದರಾಯಿತು, ಅಲ್ವಾ?

ಹಂತ 4: ಹೇಳುವವನನ್ನು ನಂಬಬೇಡಿ, ಕೊನೆಯನ್ನು ಕಾಯಬೇಡಿ

ಇಲ್ಲಿಗೆ ಬಂದವರು ಸಣ್ಣ ಕಾದಂಬರಿಗೆ ತಯಾರು. ನಾನು ಮೊದಲು ಕೊಡುವುದು ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ನೀಳ್ಗತೆ, ಭಾಷೆ ನೀರಿನಷ್ಟು ತಿಳಿ. ಮಸಾಲೆ ಪುಡಿಯ ವ್ಯಾಪಾರದಿಂದ ಏಕಾಏಕಿ ದುಡ್ಡು ಕಂಡ ಒಂದು ಕುಟುಂಬ. ಕಥೆ ಹೇಳುವವನು ಆ ಮನೆಯ ಮಗ. ಟೀನ್ ಕಾದಂಬರಿಯಲ್ಲಿ "ನಾನು" ಅಂದವರನ್ನೆಲ್ಲ ನಂಬಿದ ನಾವು ಇವನನ್ನೂ ನಂಬುತ್ತೇವೆ. ಪಾಪ, ಒಳ್ಳೆಯವನು, ಮೆತ್ತಗಿನವನು. ಓದುತ್ತಾ ಒಂದು ಕೆಲಸ ಮಾಡಿ. ಅವನು ಏನು ಹೇಳಿದ ಅಂತ ನೋಡುವ ಜೊತೆಗೆ, ಅವನು ಯಾವಾಗ ವಿಷಯ ಬದಲಿಸಿದ ಅಂತ ಅಂಚಿನಲ್ಲಿ ಗುರುತು ಹಾಕಿ. ಮುಗಿದ ಮೇಲೆ ಬರೇ ಆ ಗುರುತುಗಳನ್ನು ಓದಿ. ಬೇರೆಯದೇ ಕಥೆ ಎದ್ದು ಬರುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಎರಡನೆಯದು ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು? ಎಲ್ಲರೂ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಅವರಿಗೂ ಶಾಸ್ತ್ರದಲ್ಲಿ ಉತ್ತರ ಸಿಗುವುದಿಲ್ಲ. ಶುರುವಿನಲ್ಲಿ ಥ್ರಿಲ್ಲರ್‌ನಷ್ಟೇ ಬಿಗಿ. ಆಮೇಲೆ ಕಥೆ ಊರು ಬಿಟ್ಟು ಒಬ್ಬ ಮನುಷ್ಯನ ತಲೆಯೊಳಗೆ ಹೋಗುತ್ತದೆ. ಟೀನ್ ಓದುಗರು ಪುಸ್ತಕ ಕೆಳಗಿಡುವುದು ಅಲ್ಲೇ. ಆ ಜಾಗ ಬಂದಾಗ ವೇಗ ಕಡಿಮೆ ಮಾಡಿ, ಆಚಾರ್ಯರ ಜೊತೆ ಸುಮ್ನೆ ನಡೆಯಿರಿ. ಕೊನೆಯ ಪುಟದಲ್ಲಿ ತೀರ್ಮಾನ ಇಲ್ಲ. "ಮುಂದೇನಾಯ್ತು?" ಅಂತ ಕೇಳುವ ಬದಲು "ಇಲ್ಲೇ ಯಾಕೆ ನಿಲ್ಲಿಸಿದರು?" ಅಂತ ಕೇಳಿ ನೋಡಿ.

ಮನೆಯವರಿಗೆ ಒಂದು ಸೂಚನೆ. ಈ ಪುಸ್ತಕಗಳಲ್ಲಿ ಕಾಮ, ಜಾತಿಯ ಹಿಂಸೆ, ಸಾವು ಎಲ್ಲ ಇವೆ. ಹದಿನಾರು ಹದಿನೇಳರ ಮಕ್ಕಳು ಫೋನಿನಲ್ಲಿ ನೋಡುವುದಕ್ಕಿಂತ ಇದು ಕೆಟ್ಟದ್ದೇನಲ್ಲ. ನೀವೂ ಓದಿದರೆ ಮಾತಾಡಲು ಅನುಕೂಲ.

ಹಂತ 5: ಬೇರೆಯವರ ಕನ್ನಡ

ಇದುವರೆಗೆ ಮನೆಯ ಮಾತಿನ ಬಲದಲ್ಲಿ ನಡೆದಿರಿ. ಈಗ ಅದು ಕೈಕೊಡುವ ಪುಸ್ತಕ ಹಿಡಿಯಬೇಕು. ಸುತ್ತು ದೊಡ್ಡದು ಮಾಡುತ್ತಾ ಹೋಗಿ. ಮೊದಲು ಪಕ್ಕದ ಕಲಬುರಗಿ: ಗೀತಾ ನಾಗಭೂಷಣ ಅವರ 'ಬದುಕು', 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ರಾಯಚೂರಿನವರಿಗೆ ಇದು ಇನ್ನೂ ಮನೆಯ ಅಂಗಳವೇ. ಆಮೇಲೆ ಕರಾವಳಿಯ ಕಾರಂತರು, 'ಚೋಮನ ದುಡಿ' (1933) ಚಿಕ್ಕದು, ಅದರಿಂದ ಶುರು ಮಾಡಿ.

ಇದೆಲ್ಲ ಆದ ಮೇಲೆ ದೇವನೂರ ಮಹಾದೇವರ 'ಕುಸುಮಬಾಲೆ'. ನಂಜನಗೂಡು ಸೀಮೆಯ ಮಾತು. ಅಲ್ಲಿ ದೀಪಗಳು ಕೂತು ಸುದ್ದಿ ಹೇಳಿಕೊಳ್ಳುತ್ತವೆ. ಮೊದಲ ಓದಿಗೆ ಮೈಸೂರಿನವರಿಗೇ ಪೂರ್ತಿ ಸಿಕ್ಕುವುದಿಲ್ಲ, ನಮಗೆ ಸಿಗದಿದ್ದರೆ ಅಚ್ಚರಿಯಿಲ್ಲ. ತೆಳುವಾದ ಪುಸ್ತಕ ಅಂತ ಮೋಸ ಹೋಗಬೇಡಿ. ಇದಕ್ಕೆ ನನ್ನ ಉಪಾಯ: ಪದ್ಯ ಓದಿದ ಹಾಗೆ ಓದಿ, ದಿನಕ್ಕೆ ಎರಡು ಮೂರು ಪುಟ, ಬಾಯಿಬಿಟ್ಟು. ಅರ್ಥ ಆಮೇಲೆ, ಮೊದಲು ಕಿವಿ. ಆ ಸೀಮೆಯ ಗೆಳೆಯರು ಹಾಸ್ಟೆಲಿನಲ್ಲಿ ಇದ್ದರೆ ಅವರಿಂದ ಒಂದು ಪುಟ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನೀವು ಅವರಿಗೆ ಕುಂವೀ ಓದಿ ಹೇಳಿ, ಲೆಕ್ಕ ಚುಕ್ತಾ.

ಪದ್ಯದ ಮಾತು ಬಂತು. ರಾಯಚೂರಿನ ಶಾಂತರಸರು ಕನ್ನಡದಲ್ಲಿ ಗಜಲ್ ಬರೆದವರು. ಉರ್ದು ಗಜಲ್ ಕೇಳಿ ಗೊತ್ತಿರುವವರು ಅಲ್ಲಿಂದ ಕವಿತೆಗೆ ಹೋಗಬಹುದು. ದಾಸರ ಪದ ಮನೆಯಲ್ಲಿ ಕೇಳಿದವರಿಗೆ ಬೇರೆ ದಾರಿ: ವಿಜಯದಾಸರು, ಜಗನ್ನಾಥದಾಸರು ಇಬ್ಬರೂ ಮಾನ್ವಿ ಸೀಮೆಯವರು. ಬಾಯಿಗೆ ಬರುವ ಹಾಡನ್ನು ಕಾಗದದ ಮೇಲೆ ಇಟ್ಟು ಸಾಲು ಸಾಲಾಗಿ ಓದಿದರೆ ಹಳೆಯ ಕನ್ನಡಕ್ಕೆ ಕಣ್ಣು ಪಳಗುತ್ತದೆ. ಕವಿತೆಯ ಬಗ್ಗೆ ಇಷ್ಟು ಸಾಕು, ಅದು ಬೇರೆಯೇ ಬರಹಕ್ಕೆ ಆಗುವಷ್ಟಿದೆ.

ಇಂಗ್ಲಿಷ್ ಮೀಡಿಯಂನವರಿಗೆ

"ಕನ್ನಡ ಮಾತಾಡ್ತೀನಿ, ಓದೋದು ನಿಧಾನ" ಅನ್ನುವವರು ಬಹಳ. ನಾಚಿಕೆಪಡಬೇಕಾದ್ದು ಏನಿಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ಮೊದಮೊದಲು ಕನ್ನಡ ಪುಸ್ತಕದ ಹತ್ತಿರ ಹೋಗುತ್ತಿರಲಿಲ್ಲ. ಅ.ನ.ಕೃ. ಅವರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡ ಹಿಡಿದರು, ಆಮೇಲೆ ನಾಡನ್ನೇ ನಗಿಸಿದರು. ನೀವು ದಿನಕ್ಕೆ ಹತ್ತು ನಿಮಿಷ ತೇಜಸ್ವಿಯನ್ನು ಬಾಯಿಬಿಟ್ಟು ಓದಿ. ವೇಗ ಕೆಲವೇ ವಾರಗಳಲ್ಲಿ ಬರುತ್ತದೆ. 'ಸಂಸ್ಕಾರ'ಕ್ಕೆ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಇದೆ. ಒಂದು ಅಧ್ಯಾಯ ಇಂಗ್ಲಿಷಿನಲ್ಲಿ, ಅದೇ ಅಧ್ಯಾಯ ಕನ್ನಡದಲ್ಲಿ. ಯಾವುದರಲ್ಲಿ ಏನು ಕಳೆದುಹೋಗಿದೆ ಅಂತ ನೋಡುವುದೇ ಒಳ್ಳ ಆಟ.

ಪುಸ್ತಕ ಎಲ್ಲಿ ಸಿಗುತ್ತದೆ

ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ಪೇಪರ್ ಓದುವವರ ಕೋಣೆ ದಾಟಿ ಒಳಗೆ ಹೋಗಿ, ಎರವಲು ವಿಭಾಗ ಕೇಳಿ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರಿಂದ ಕುರ್ಚಿ ತುಂಬಿರಬಹುದು, ಆದರೆ ಕಾದಂಬರಿಯ ಕಪಾಟಿನ ಹತ್ತಿರ ನೂಕುನುಗ್ಗಲು ಇರುವುದಿಲ್ಲ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ಕೊಂಡುಕೊಳ್ಳುವವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಮತ್ತು ಕನ್ನಡ ಪುಸ್ತಕ ಪ್ರಾಧಿಕಾರದ ಮಾರಾಟವನ್ನು ನೋಡುತ್ತಿರಿ, ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಸಿಗುವುದುಂಟು.

ಜೊತೆಗೆ ಓದುವವರು ಒಬ್ಬರಾದರೂ ಇರಲಿ. ದೊಡ್ಡ ಗುಂಪು ಬೇಡ, ಹತ್ತು ಜನರ ವಾಟ್ಸಾಪ್ ಗ್ರೂಪ್ ಮೂರನೇ ವಾರಕ್ಕೆ ಗುಡ್ ಮಾರ್ನಿಂಗ್ ಚಿತ್ರಗಳಿಗೆ ಸೀಮಿತವಾಗುತ್ತದೆ. ಇಬ್ಬರು ಮೂವರು, ಒಂದೇ ಕಥೆ, ಭಾನುವಾರ ಒಂದು ತಾಸು.

ಹಂತ 6: ದಪ್ಪ ಪುಸ್ತಕ

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967), ಭೈರಪ್ಪನವರ 'ಪರ್ವ' (1979), ಕುಂವೀಯವರ 'ಅರಮನೆ'. ಮೂರರಲ್ಲಿ ಒಂದನ್ನು ರಜೆಗೆ ಆರಿಸಿ.

'ಪರ್ವ' ಮೂರರಲ್ಲಿ ಸುಲಭ, ಯಾಕೆಂದರೆ ಮಹಾಭಾರತದ ಪಾತ್ರಗಳು ಗೊತ್ತಿದ್ದವೇ. ಪವಾಡಗಳನ್ನೆಲ್ಲ ತೆಗೆದು ಮನುಷ್ಯರನ್ನಷ್ಟೇ ಉಳಿಸಿದ್ದಾರೆ. ಎಲ್ಲಿ ಸಿಟ್ಟು ಬಂತು ಅಂತ ಗುರುತು ಹಾಕುತ್ತಾ ಓದಿ. 'ಮದುಮಗಳು'ವಿಗೆ ನಾಯಕ ನಾಯಕಿ ಅಂತ ಹುಡುಕಬೇಡಿ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರೆ. ಹೆಸರಿನ ಹಾಳೆ ನಿಜವಾಗಿ ಬೇಕಾಗುವುದು ಇದಕ್ಕೇ. ಬಯಲುಸೀಮೆಯವರಿಗೆ ಆ ಮಳೆ, ಕಾಡು, ಜಿಗಣೆ ಎಲ್ಲ ಹೊಸದು, ನೂರು ಪುಟದವರೆಗೆ ದಾರಿ ತಪ್ಪಿದಂತೆಯೇ ಇರುತ್ತದೆ. ತಪ್ಪಲಿ.

'ಅರಮನೆ' ನಮ್ಮದೇ ನೆಲದ ಪುಸ್ತಕ, ಆದರೆ ಮೂರರಲ್ಲಿ ಬಿರುಸು. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಂಪನಿ ಸರ್ಕಾರದ ಕಾಲ, ಥಾಮಸ್ ಮನ್ರೋ ಬರುತ್ತಾನೆ, ಹಾಳು ಅರಮನೆ, ದೇವರು ಮೈಮೇಲೆ ಬರುವುದು, ವಾಕ್ಯಗಳು ಎಷ್ಟು ಉದ್ದವೆಂದರೆ ಉಸಿರು ಕಟ್ಟುತ್ತದೆ. ಮನ್ರೋ 1800ರಿಂದ 1807ರವರೆಗೆ ಬಳ್ಳಾರಿ ಸೇರಿದ ದತ್ತ ಜಿಲ್ಲೆಗಳ, ಅಂದರೆ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ, ಕಲೆಕ್ಟರ್ ಆಗಿದ್ದ. ಅವನ ಬಗ್ಗೆ ಒಂದೆರಡು ಪುಟ ಇತಿಹಾಸ ಮೊದಲೇ ಓದಿಕೊಂಡರೆ ಹಿಡಿ ಸಿಗುತ್ತದೆ. ಉಳಿದಂತೆ ಜಾತ್ರೆಯಲ್ಲಿ ನಿಂತು ಕೇಳುವವರ ಹಾಗೆ ಓದಿ, ಎಲ್ಲವೂ ಕಿವಿಗೆ ಬೀಳಬೇಕೆಂದಿಲ್ಲ.

ಬಿಡುವುದಕ್ಕೂ ಒಂದು ಲೆಕ್ಕ ಇರಲಿ. ಸಣ್ಣ ಪುಸ್ತಕಕ್ಕೆ ಮೂವತ್ತು ಪುಟ, ದಪ್ಪದ್ದಕ್ಕೆ ನೂರು. ಅಷ್ಟರಲ್ಲಿ ಒಂದು ಪಾತ್ರದ ಮೇಲಾದರೂ ಕುತೂಹಲ ಹುಟ್ಟದಿದ್ದರೆ ಮುಚ್ಚಿಡಿ, ಹೆಸರಿನ ಹಾಳೆಯನ್ನು ಮಾತ್ರ ಒಳಗೇ ಬಿಡಿ. ಮುಂದಿನ ವರ್ಷ ತೆಗೆದಾಗ ಮೊದಲಿಂದ ಶುರು ಮಾಡುವ ಗೋಳು ಇರುವುದಿಲ್ಲ. ನಡುವೆ ಪರೀಕ್ಷೆ ಬಂದರೆ ದಪ್ಪ ಪುಸ್ತಕ ನಿಲ್ಲಿಸಿ ನುಗಡೋಣಿಯವರ ಕಥೆಗಳಿಗೆ ಮರಳಿ, ವಾರಕ್ಕೊಂದು. ಬೇಕಿದ್ದರೆ ಒಂದು ರಾತ್ರಿ ಹ್ಯಾರಿ ಪಾಟರ್ ಕೂಡ ಮತ್ತೆ ಓದಿ, ಯಾರೂ ಬೈಯುವುದಿಲ್ಲ.